ಕೊಡೆಬಟ್ಟೆಯ ಹಾರುಬೆಕ್ಕು

ನರಸಿಂಹರಾಜಪುರದಿಂದ ಹೊರಟು ಕೊಪ್ಪ, ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿಬರುವ ಖಾಸಗಿ ಬಸ್ಸೊಂದರಲ್ಲಿ ಗಜಾನನ ಕಂಡಕ್ಟರನಾಗಿದ್ದ. ಆ ದಾರಿಯ ಜನಕ್ಕೆ ಅವನು ಬರೀ ಟಿಕೆಟ್ ಹರಿಯುವವನಲ್ಲ. ಕೊಪ್ಪದ ಔಷಧಿ ಅಂಗಡಿಯಿಂದ ಮಾತ್ರೆ ತಂದು ರಸ್ತೆಬದಿಯಲ್ಲಿ ಕಾದು ನಿಂತ ಮುದುಕರ ಕೈಗೆ ಕೊಡುವುದು, ಮನೆಯಲ್ಲೇ ಮರೆತ ಊಟದ ಡಬ್ಬಿಯನ್ನು ಹೈಸ್ಕೂಲಿಗೆ ಮುಟ್ಟಿಸುವುದು, ಪಂಪ್‌ಸೆಟ್ಟಿನ ವಾಷರು, ಮದುವೆಯ ಕರೆಯೋಲೆ, ಸೇವಂತಿಗೆಯ ಸಸಿ, ಹೀಗೆ ಏನೇನೋ ಅವನ ಕೈದಾಟಿಯೇ ಊರೂರು ಸೇರುತ್ತಿದ್ದವು. ದೂರದಲ್ಲಿ ಯಾರಾದರೂ ಓಡಿಬರುವುದು ಕಂಡರೆ ಸೀಟಿ ಊದದೆ ಕಾಯುತ್ತಿದ್ದ. ಇಷ್ಟೆಲ್ಲ ಮಾಡಿಯೂ ಯಾರಿಂದಲೂ ಏನನ್ನೂ ತೆಗೆದುಕೊಂಡವನಲ್ಲ. ಯಾರಾದರೂ ಒಂದು ಚಿಪ್ಪು ಬಾಳೆಹಣ್ಣು ಮುಂದೆ ಹಿಡಿದರೆ, "ಅದೆಲ್ಲ ಎಂತಕ್ಕೆ, ಇಟ್ಕೊಳ್ಳಿ" ಎಂದು ಮುಂದಿನ ಸೀಟಿಗೆ ದಾಟಿಬಿಡುವನು.

ಅದು ದೊಡ್ಡಸ್ತಿಕೆಯಾಗಿರಲಿಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ನೆಂಟರಿಷ್ಟರು ತೊಟ್ಟು ಬಿಟ್ಟ ಅಂಗಿಗಳಲ್ಲಿ ಬೆಳೆದವನು ಅವನು. ಆ ಅಂಗಿಗಳ ಜೊತೆಗೆ ಬರುತ್ತಿದ್ದ ಮಾತುಗಳು ಅವನಿಗೆ ಮರೆತಿರಲಿಲ್ಲ. ಯಾರ ಹಂಗೂ ಬೇಡ ಎನ್ನುವುದು ಅವನ ಮೈಗೆ ಹತ್ತಿಹೋಗಿತ್ತು.

ಎರಡು ಸಾವಿರದ ಐದನೇ ಇಸವಿಯ ಜನವರಿ. ಹೆಂಡತಿ ರಂಜನಾ ಎರಡನೇ ಹೆರಿಗೆಗೆಂದು ಜಯಪುರದ ತವರಿಗೆ ಹೋಗಿದ್ದಳು. ಹರಿಹರಪುರದ ಬಾಡಿಗೆ ಮನೆಯಲ್ಲಿ ಗಜಾನನ, ಮೂರನೇ ಕ್ಲಾಸಿನಲ್ಲಿದ್ದ ಮಗಳು ಅಪೂರ್ವಾ, ಕಣ್ಣಿಗೆ ಪೊರೆ ಬಂದು ಮಸಕು ಮಸಕಾಗಿ ಕಾಣುತ್ತಿದ್ದ ತಾಯಿ ಕಾಮಾಕ್ಷಮ್ಮ, ಮೂವರೇ. ಒಂದು ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಅಪ್ಪಯ್ಯ, ಸ್ಕೂಲ್ ಡೇ ನಾಟಕದಲ್ಲಿ ನಂಗೆ ಪಾರ್ಟು ಸಿಕ್ತು. ನಾನು ಹಾರುಬೆಕ್ಕು."

ನಾಟಕವನ್ನು ಅವರ ಟೀಚರೇ ಬರೆದಿದ್ದರು. ಸಿಡಿಲವೀರ ಎಂಬ ಮಹಾಶಕ್ತಿವಂತ ಮರಗಳ್ಳರಿಂದ ಕಾಡನ್ನು ಕಾಯುತ್ತಾನೆ. ಅವನು ಹೋದಲ್ಲೆಲ್ಲ ಜೊತೆಗಿರುವ ಸಂಗಾತಿ ಹಾರುಬೆಕ್ಕು. ಮುಸ್ಸಂಜೆಯಲ್ಲಿ ಕೈಕಾಲು ಚಾಚಿ, ನಡುವಿನ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಆ ಪ್ರಾಣಿಯನ್ನು ಊರಿನ ಮಕ್ಕಳೆಲ್ಲ ಒಮ್ಮೆಯಾದರೂ ಕಂಡವರೇ. ವೇಷವನ್ನು ಮಾತ್ರ ಅವರವರ ಮನೆಯವರೇ ಹೊಂದಿಸಿಕೊಳ್ಳಬೇಕಿತ್ತು. ಸಿಡಿಲವೀರನಾಗಿದ್ದ ಕಶ್ಯಪನಿಗೆ ಅವನ ಅತ್ತೆ ಪೇಟೆಯಿಂದ ನೀಲಿ ಮಿಂಚಿನ ಉಡುಪು, ಬೆನ್ನಿಗೆ ಕೆಂಪು ಹೊದಿಕೆ ಕಳಿಸಿಯೂ ಆಗಿತ್ತು.

"ನಿಂಗೆ ಸಿಡಿಲವೀರ ಆಗ್ಬೇಕು ಅಂತ ಇರ್ಲಿಲ್ಲನಾ?" ಗಜಾನನ ಕೇಳಿದ.

"ಎಂತಕ್ಕೆ? ಅವ ನಿಂತ್ಕೊಂಡು ಮಾತಾಡೂದು ಅಷ್ಟೆ. ಹಾರೂದು ನಾನು."

ಹೆರಿಗೆಯ ಖರ್ಚು ಎದುರಿಗಿದ್ದ ಹೊತ್ತು ಅದು. ಕೊಳ್ಳುವ ಮಾತೇ ಇರಲಿಲ್ಲ. ಒಂದು ಹಳೇ ಬಿಳಿ ದುಪ್ಪಟಿಯನ್ನು ತೆಗೆದುಕೊಂಡು, ತಾನೇ ಮಾಡುತ್ತೇನೆಂದು ಗಜಾನನ ಹೊರಟ. ಬಣ್ಣ ಬೇಕಲ್ಲ? ಪಕ್ಕದ ತೋಟದ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಬೇಯಿಸಿ ಉಳಿದ ಕೆಂಪು ಚೊಗರನ್ನು ಹೇಗೂ ಅಂಗಳದ ಮೂಲೆಗೆ ಸುರಿಯುತ್ತಾರೆ. ಅಲ್ಲಿಂದ ಒಂದು ಬಕೆಟ್ ತಂದು ದುಪ್ಪಟಿಯನ್ನು ಅದ್ದಿದ. ಒಣಗಿದ ಮೇಲೆ ನೋಡಿದರೆ ಒಂದು ಕಡೆ ಕಗ್ಗೆಂಪು, ಇನ್ನೊಂದು ಕಡೆ ಚಾ ಚೆಲ್ಲಿದ ಬಣ್ಣ. ಆದರೂ ಬಿಡಲಿಲ್ಲ. ಕತ್ತರಿಸಿದ, ಸೂಜಿ ಹಿಡಿದ, ಬೆರಳಿಗೆ ಚುಚ್ಚಿಸಿಕೊಂಡ. ಅಂತೂ ಮಗಳಿಗೆ ತೊಡಿಸಿದಾಗ ಒಂದು ರೆಕ್ಕೆ ಮೊಣಕೈಗೇ ನಿಂತಿತ್ತು, ಇನ್ನೊಂದು ನೆಲ ಗುಡಿಸುತ್ತಿತ್ತು.

ಕಾಮಾಕ್ಷಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಎಂತದೇ ಕೂಸೆ, ಒಣಹಾಕಿದ ಬಟ್ಟೆ ಮೈಮೇಲೆ ಬಿತ್ತಾ?"

ಅಪೂರ್ವಾ ನಗಲೂ ಇಲ್ಲ, ಅಳಲೂ ಇಲ್ಲ. ಅಪ್ಪನ ಮುಖ ನೋಡಿ ಹೇಳಿದಳು: "ಪರವಾಗಿಲ್ಲ ಅಪ್ಪಯ್ಯ. ನಾನು ಕೈ ಎತ್ತೂದೇ ಇಲ್ಲ. ಮೆಲ್ಲ ಹಾರ್ತೀನಿ."

ಅವಳು ಹಟ ಮಾಡಿದ್ದರೆ ಗದರಿಸಿ ಸುಮ್ಮನಾಗಬಹುದಿತ್ತು. ಈಗ ಬಗ್ಗಿ ಕೂತು, ನೆಲ ಗುಡಿಸುತ್ತಿದ್ದ ರೆಕ್ಕೆಯನ್ನು ಮೇಲಕ್ಕೆ ಮಡಚಿ ನೋಡಿದ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಚಿಲ್ಲರೆ ಕೊಡಲು ಕೈ ಚಾಚಿದಾಗ ಅಡ್ಡಗದ್ದೆಯ ತುಂಗಮ್ಮ ಅವನ ಅಂಗೈ ನೋಡಿದರು. ವಾರಕ್ಕೆರಡು ಸಲ ಮಗಳ ಮನೆಗೆ ಹೋಗಿಬರುವ, ಯಾವುದನ್ನೂ ಕೇಳದೆ ಬಿಡದ ಅಜ್ಜಿ ಅವರು.

"ಎಂತ ಕಂಡಕ್ಟರ್ರೇ, ಕೈಯೆಲ್ಲ ಚೊಗರು. ಅಡಿಕೆ ಕೆಲಸಕ್ಕೂ ಹೋಗ್ತೀರಾ?"

"ಎಂತ ಇಲ್ಲ ಬಿಡಿ."

"ಎಂತ ಇಲ್ಲದೆ ಕೈ ಕೆಂಪಾಗ್ತದಾ?"

ಬಿಡಿಸಿಕೊಳ್ಳಲಾಗದೆ ಗಜಾನನ ಮೆಲುದನಿಯಲ್ಲಿ ಹೇಳಿದ. ಅವನ ಗ್ರಹಚಾರಕ್ಕೆ ಸ್ಟಿಯರಿಂಗ್ ಹಿಡಿದಿದ್ದ ಡ್ರೈವರ್ ಮಾರಪ್ಪನ ಕಿವಿ ಬಹಳ ಚುರುಕು, ಗಂಟಲು ಅದಕ್ಕಿಂತ ದೊಡ್ಡದು. "ಕೇಳಿದ್ರಾ, ನಮ್ಮ ಗಜಾನನ ದುಪ್ಪಟಿಯಲ್ಲಿ ಹಾರುಬೆಕ್ಕು ಮಾಡಿದ್ದಾನಂತೆ" ಎಂದು ಹಿಂದಿನ ಸೀಟಿನವರೆಗೂ ಮುಟ್ಟಿಸಿದ. ಬಸ್ಸು ನಕ್ಕಿತು. ಗಜಾನನನ ಕಿವಿ ಬೆಚ್ಚಗಾಯಿತು. ಆದರೆ ಆ ನಗೆ ಅಲ್ಲಿಗೇ ನಿಲ್ಲಲಿಲ್ಲ. ರೆಕ್ಕೆಗೆ ದುಪ್ಪಟಿ ಭಾರವಾಯಿತು ಎಂದೊಬ್ಬರು, ಬಾಲ ಉದ್ದ ಇರಬೇಕು ಎಂದಿನ್ನೊಬ್ಬರು, ಹಾರುಬೆಕ್ಕಿನ ಮೂತಿ ಹೇಗಿರುತ್ತದೆಂಬ ಬಗ್ಗೆ ಕೊಪ್ಪ ಬರುವವರೆಗೂ ಚರ್ಚೆಯೋ ಚರ್ಚೆ.

ಮುಂದಿನ ಸಲ ತುಂಗಮ್ಮ ಬಸ್ಸು ಹತ್ತುವಾಗ ಕಂಕುಳಲ್ಲಿ ಒಂದು ದೊಡ್ಡ ಕರೀ ಕೊಡೆ ಇತ್ತು. "ಕಡ್ಡಿ ಮುರಿದದೆ, ಬಟ್ಟೆ ಗಟ್ಟಿ ಇದೆ. ರೆಕ್ಕೆಗೆ ಇದಕ್ಕಿಂತ ಹಗುರ ಎಂತ ಬೇಕು?"

"ಅಯ್ಯೋ, ಅದೆಲ್ಲ ಬೇಡ ಅಮ್ಮಾ" ಎಂದು ಗಜಾನನ ಅಭ್ಯಾಸದಂತೆ ಮುಂದೆ ಹೊರಟ. ತುಂಗಮ್ಮ ಕೊಡೆಯ ಹಿಡಿಯಿಂದಲೇ ಅವನ ಚರ್ಮದ ಚೀಲವನ್ನು ಕೊಕ್ಕೆ ಹಾಕಿ ನಿಲ್ಲಿಸಿದರು.

"ನಿಮಗೆ ಯಾರು ಕೊಟ್ರು? ಕೂಸಿಗೆ ಕೊಟ್ಟಿದ್ದು. ಬೇಡ ಅನ್ನೂದಾದ್ರೆ ಅದೇ ಬಂದು ಹೇಳ್ಲಿ."

ಗಜಾನನ ಕೊಡೆ ತೆಗೆದುಕೊಂಡ. ತನ್ನದಲ್ಲದ್ದನ್ನು ಬೇಡ ಎನ್ನುವ ಹಕ್ಕು ತನಗಿಲ್ಲ ಎಂಬುದು ಅವನಿಗೆ ಅವತ್ತೇ ಮೊದಲು ಹೊಳೆದದ್ದು.

ಆಮೇಲೆ ಒಂದರ ಹಿಂದೊಂದು ಬಂತು. ಮಾರಪ್ಪ ಗ್ಯಾರೇಜಿನವರನ್ನು ಕೇಳಿ, ಹಳೇ ಸೀಟಿನಿಂದ ಕಿತ್ತ ಕಂದು ರೆಕ್ಸಿನ್ ತುಂಡು ತಂದ. ಮುಖವಾಡಕ್ಕೂ ಸೊಂಟದ ಪಟ್ಟಿಗೂ ಅದು ಸಾಕಾಯಿತು. ಬಾಲ ನೆಟ್ಟಗೆ ನಿಲ್ಲಲೆಂದು ತುಂಡಾದ ಕ್ಲಚ್ ಕೇಬಲನ್ನೂ ತಂದಿದ್ದ. ನರಸಿಂಹರಾಜಪುರದಲ್ಲಿ ಬೆಳಗಿನ ಟ್ರಿಪ್ಪಿಗೆ ಹತ್ತುವ ರಿಟೈರ್ಡ್ ಮೇಷ್ಟ್ರು ಮಲ್ಲೇಶಪ್ಪ ತಮ್ಮ ತಲೆಯ ಮೇಲಿದ್ದ ಮಂಕಿ ಕ್ಯಾಪನ್ನೇ ತೆಗೆದುಕೊಟ್ಟರು. ಆ ಚಳಿಯಲ್ಲಿ ಬೋಳುತಲೆಯ ಮೇಲೆ ಕರವಸ್ತ್ರ ಕಟ್ಟಿಕೊಂಡು ಕೂತ ಅವರನ್ನು ನೋಡಿ ಗಜಾನನ ಪಕ್ಕದ ಕಿಟಕಿಯನ್ನು ಎಳೆದು ಮುಚ್ಚಿದ. "ಇದಕ್ಕೆ ಎರಡು ಕಿವಿ ಹೊಲಿಸು ಮಾರಾಯ, ನನಗೆ ಮನೆಯಲ್ಲಿ ಇನ್ನೊಂದು ಇದೆ" ಎಂದರು ಮೇಷ್ಟ್ರು.

ಹೊಲಿಯುವವರು? ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಪ್ರೇಮಕ್ಕನ ಹೊಲಿಗೆ ಅಂಗಡಿ ಇತ್ತು. ಸುತ್ತಲ ಹಳ್ಳಿಗಳ ಹೆಂಗಸರು ರವಿಕೆ ಕಣಗಳನ್ನು ಗಜಾನನನ ಕೈಯಲ್ಲೇ ಅವಳಿಗೆ ಕಳಿಸುತ್ತಿದ್ದರು, ಹೊಲಿದದ್ದನ್ನು ಅವನೇ ಮುಟ್ಟಿಸುತ್ತಿದ್ದ. ಎಷ್ಟೋ ವರ್ಷಗಳಿಂದ ನಡೆದುಬಂದ ರೂಢಿ ಅದು. ಆದರೆ ತನ್ನದೊಂದು ಕೆಲಸ ಹಿಡಿದುಕೊಂಡು ಅವನು ಆ ಮೆಟ್ಟಿಲು ಹತ್ತಿದ್ದಿಲ್ಲ. ಭಾನುವಾರ ಅಪೂರ್ವಾಳ ಕೈ ಹಿಡಿದು, ಬಗಲಲ್ಲಿ ಚೀಲ ಇಟ್ಟುಕೊಂಡು ಅಂಗಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ಅಲ್ಲೇ ಎಂತಕ್ಕೆ ನಿಂತಿದ್ದೀಯ? ಹಾರುಬೆಕ್ಕನ್ನ ಒಳಗೆ ಕರ್ಕೊಂಡು ಬಾ" ಎಂದಳು ಪ್ರೇಮಕ್ಕ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

ಅವಳು ಕೊಡೆಯ ಬಟ್ಟೆಯನ್ನು ಕಡ್ಡಿಗಳಿಂದ ಬಿಡಿಸಿ ನೆಲದ ಮೇಲೆ ಹಾಸಿದಳು. ದುಂಡಗಿನ ಬಟ್ಟೆಯನ್ನು ನಡುವೆ ಸರಿಯಾಗಿ ಎರಡು ಮಾಡಿದಳು. ಅಪೂರ್ವಾಳನ್ನು ಕೈ ಚಾಚಿ ನಿಲ್ಲಿಸಿ, ಒಂದು ತುದಿ ಮಣಿಕಟ್ಟಿಗೆ, ಒಂದು ತುದಿ ಪಾದದ ಗಂಟಿಗೆ, ದುಂಡನೆಯ ಅಂಚು ಪಕ್ಕೆಗೆ ಬರುವಂತೆ ಹಿಡಿದು ಗುಂಡುಸೂಜಿ ಚುಚ್ಚಿದಳು. ಹೊಟ್ಟೆಯ ಭಾಗಕ್ಕೆ ಯಾವುದೋ ಲಂಗದಲ್ಲಿ ಉಳಿದಿದ್ದ ಗಂಧದ ಬಣ್ಣದ ತುಂಡು ಕೂಡಿತು. ಮಂಕಿ ಕ್ಯಾಪಿಗೆ ಎರಡು ದುಂಡು ಕಿವಿ ಬಂದವು. ಗಜಾನನನ ದುಪ್ಪಟಿಯನ್ನು ಅವಳು ಬಿಸಾಡಲಿಲ್ಲ. ಅದರಲ್ಲಿ ಬಣ್ಣ ಚೆನ್ನಾಗಿ ಹಿಡಿದಿದ್ದ ಕಡೆಯನ್ನು ಕತ್ತರಿಸಿ ಉದ್ದಕ್ಕೆ ಬಾಲ ಹೊಲಿದು, "ತಗೋ, ಇದಕ್ಕೆ ನೀನೇ ಹತ್ತಿ ತುಂಬು" ಎಂದು ಅವನ ಮಡಿಲಿಗೆ ಹಾಕಿದಳು.

ಹತ್ತಿ ತುಂಬುತ್ತಲೇ ಗಜಾನನ ಕೇಳಿದ: "ಅಕ್ಕಾ, ಎಷ್ಟಾಯ್ತು ಹೇಳ್ಬಿಡು."

ಪ್ರೇಮಕ್ಕ ಮೆಷಿನ್ ತುಳಿಯುವುದನ್ನು ನಿಲ್ಲಿಸಿದಳು. "ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ದಿನಾ ಮನೆಯಿಂದ ಗಂಜಿ ತಂದು ಕೊಟ್ಯಲ್ಲ, ನಾನು ನಿನ್ನ ಹತ್ರ ಎಷ್ಟು ಅಂತ ಕೇಳಿದ್ನಾ? ಕೇಳಿದ್ರೆ ನಿಂಗೆ ಹೇಗಾಗ್ತಿತ್ತು?"

ಅವನು ತಲೆ ತಗ್ಗಿಸಿದ. "ಬೇಜಾರಾಗ್ತಿತ್ತು" ಎಂದ.

"ಹಾಗಾದ್ರೆ ಸುಮ್ಮನೆ ಹತ್ತಿ ತುಂಬು."

ಸ್ಕೂಲ್ ಡೇ ದಿನ ಅವನ ಬದಲಿಗೆ ಬರಬೇಕಿದ್ದ ಕಂಡಕ್ಟರ್ ಜ್ವರ ಬಂದು ಮಲಗಿದ. ಶೃಂಗೇರಿಯಿಂದ ಸಂಜೆ ಹೊರಡುವ ಟ್ರಿಪ್ಪಿಗೆ ಗಜಾನನನೇ ಹೋಗಬೇಕಾಯಿತು. ಬೆಳಿಗ್ಗೆ ಮಗಳಿಗೆ ಹೇಳಿದಾಗ ಅವಳು, "ನೀನು ಬಸ್ಸಲ್ಲಿ ಹೋಗ್ತಾ ಕಿಟಕಿಯಿಂದ ನೋಡು" ಎಂದಳು. ಆ ಸಂಜೆ ಅವನು ಟಿಕೆಟ್ ಕೊಟ್ಟ, ಚಿಲ್ಲರೆ ಕೊಟ್ಟ, ಮತ್ತೆ ಮತ್ತೆ ಗಡಿಯಾರ ನೋಡಿಕೊಂಡ. ಯಾಕೆಂದು ಯಾರೂ ಕೇಳಲಿಲ್ಲ.

ಹರಿಹರಪುರಕ್ಕೆ ಬರುವಾಗ ದೀಪ ಹೊತ್ತಿತ್ತು. ಶಾಲೆಯ ಮೈದಾನದ ಮುಂದೆ ಮಾರಪ್ಪ ಬಸ್ಸನ್ನು ಎಡಕ್ಕೆ ತೆಗೆದು, ಇಂಜಿನ್ ಆರಿಸಿದ.

"ಎಂತಾಯ್ತು?" ಗಜಾನನ ಕೇಳಿದ.

"ಇಂಜಿನ್ ಬಿಸಿಯಾಗಿದೆ. ತಣಿಯೋವರೆಗೆ ಮುಂದೆ ಹೋಗೋ ಹಾಗಿಲ್ಲ" ಎಂದು ಮಾರಪ್ಪ ಗಂಭೀರವಾಗಿ ಹೇಳಿ, ಹಿಂದೆ ತಿರುಗಿದ. "ಅರ್ಜೆಂಟ್ ಇದ್ದೋರು ಯಾರಾದ್ರೂ ಇದ್ರೆ ಈಗ್ಲೇ ಹೇಳಿ."

ಯಾರಿಗೂ ಅರ್ಜೆಂಟ್ ಇರಲಿಲ್ಲ. ತುಂಗಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಅವರ ಊರು ಅಡ್ಡಗದ್ದೆ ಹಿಂದೆಯೇ ಹೋಗಿತ್ತು. ಟಿಕೆಟ್ ಮಾತ್ರ ಹರಿಹರಪುರಕ್ಕೇ ತೆಗೆದುಕೊಂಡಿದ್ದರು, ಗಜಾನನ ತನ್ನ ಚಿಂತೆಯಲ್ಲಿ ಗಮನಿಸಿರಲಿಲ್ಲ. ಸಂತೆ ಚೀಲ, ಪುಸ್ತಕದ ಚೀಲ, ಹಾಲಿನ ಕ್ಯಾನು ಹಿಡಿದು ಬಸ್ಸಿಗೆ ಬಸ್ಸೇ ಇಳಿದು ಮೈದಾನದ ಹಿಂದಿನ ಸಾಲಿನಲ್ಲಿ ನಿಂತಿತು.

ವೇದಿಕೆಯ ಮೇಲೆ ಮರಗಳ್ಳರು ಸಿಡಿಲವೀರನನ್ನು ಹಗ್ಗದಿಂದ ಕಟ್ಟಿಹಾಕಿದ್ದರು. ನೀಲಿ ಉಡುಪಿನಲ್ಲಿ ಚೆಂದ ಕಾಣುತ್ತಿದ್ದ ಕಶ್ಯಪ, ಮುಂದಿನ ಮಾತು ಮರೆತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಆಗ ಮೂಲೆಯಲ್ಲಿ ಬೆಂಚಿನ ಮೇಲೆ ಬೆಂಚಿಟ್ಟು ಮಾಡಿದ್ದ ಮರದ ತುದಿಯಿಂದ, "ಹೆದರಬೇಡ ಗೆಳೆಯಾ, ನಾನಿದ್ದೇನೆ" ಎಂಬ ದನಿ ಬಂತು. ಹಾರುಬೆಕ್ಕು ಕೈಕಾಲು ಚಾಚಿ ಹಾರಿತು. ಕೊಡೆಬಟ್ಟೆಗೆ ಗಾಳಿ ತುಂಬಿ ಫಡಫಡ ಎಂದಿತು. ಒಂದು ಗಳಿಗೆ, ಒಂದೇ ಗಳಿಗೆ, ಅದು ನೆಲಕ್ಕೆ ಬರುವುದನ್ನೇ ಮರೆತಂತೆ ಕಂಡಿತು. ಆಮೇಲೆ ಸಿಡಿಲವೀರನ ಪಕ್ಕ ಇಳಿದು, ಹಗ್ಗ ಬಿಚ್ಚುತ್ತ ಅವನ ಕಿವಿಯಲ್ಲಿ ಏನೋ ಹೇಳಿತು. ಕಶ್ಯಪನಿಗೆ ಮಾತು ನೆನಪಾಯಿತು. ನಾಟಕ ಮುಂದೆ ಸಾಗಿತು.

"ನಮ್ಮ ಕೊಡೆ" ಎಂದರು ತುಂಗಮ್ಮ ಪಕ್ಕದವರಿಗೆ, ಸಾಕಷ್ಟು ಗಟ್ಟಿಯಾಗಿ.

ಗಜಾನನನ ಕಣ್ಣು ಮಂಜಾಗಿತ್ತು. ಅವನಿಗೆ ರೆಕ್ಕೆ ಕಾಣಲಿಲ್ಲ. ಅದರಲ್ಲಿ ತುಂಗಮ್ಮ, ಪ್ರೇಮಕ್ಕ, ಮೇಷ್ಟ್ರು, ಮಾರಪ್ಪ ಕಂಡರು. ಇವರ್ಯಾರೂ ಕೊಡುವಾಗ ಒಂದು ಹಂಗಿನ ಮಾತನ್ನೂ ಜೊತೆಗೆ ಕೊಟ್ಟಿರಲಿಲ್ಲ. ಸುಮ್ಮನೆ ಕೊಟ್ಟಿದ್ದರು. ಹೀಗೂ ಕೊಡಬಹುದು ಎಂದು ಗೊತ್ತಾಗಲು ಇಷ್ಟು ವಯಸ್ಸಾಗಬೇಕಾಯಿತಲ್ಲ ಎಂದುಕೊಂಡ. ಕಾಮಾಕ್ಷಮ್ಮ ಮುಂದಿನ ಸಾಲಿನಲ್ಲಿ ಕೂತು, ಕಾಣದಿದ್ದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಅದೇ ವಾರ ಜಯಪುರದಲ್ಲಿ ರಂಜನಾ ಗಂಡು ಹೆತ್ತಳು. ಗಜಾನನ, ಅಪೂರ್ವಾ ವೇಷದ ಚೀಲದೊಂದಿಗೇ ಹೋದರು. ಬಾಣಂತಿ ಕೋಣೆಯ ಮಂದ ಬೆಳಕಿನಲ್ಲಿ ರಂಜನಾ ರೆಕ್ಕೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, "ಇಷ್ಟೆಲ್ಲ ಯಾರು ಮಾಡಿದ್ರು?" ಎಂದಳು. ಅವನು ಮೊದಲಿನಿಂದ ಹೇಳತೊಡಗಿದ. ಒಬ್ಬರನ್ನೂ ಬಿಡಲಿಲ್ಲ.

"ನೀವೆಂತ ಮಾಡಿದ್ರಿ?"

"ನಾನಾ? ಬಾಲಕ್ಕೆ ಹತ್ತಿ ತುಂಬಿದೆ."

ರಂಜನಾ ಇನ್ನೂ ನೋಯುತ್ತಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸೋಮವಾರ ಬೆಳಗಿನ ಟ್ರಿಪ್ಪಿಗೆ ಗಜಾನನ ಒಂದು ದೊಡ್ಡ ಪೊಟ್ಟಣ ಪೇಡ ತಂದಿದ್ದ. ಪ್ರತಿ ಟಿಕೆಟ್ಟಿನ ಜೊತೆಗೂ ಒಂದೊಂದು. ಮಲ್ಲೇಶಪ್ಪ ಮೇಷ್ಟ್ರ ತಲೆಯ ಮೇಲೆ ಅವತ್ತೂ ಟೋಪಿ ಇರಲಿಲ್ಲ, ಮನೆಯಲ್ಲಿ ಇನ್ನೊಂದು ಇದೆ ಎಂದದ್ದು ಸುಳ್ಳು. ಗಜಾನನ ಅವರಿಗೆ ಪೇಡ ಕೊಟ್ಟು, ಬಗ್ಗಿ ಕಾಲು ಮುಟ್ಟಿದ.

"ಎಂತ ಮಾರಾಯ ಇದು, ಬಸ್ಸಲ್ಲಿ" ಎಂದರು ಮೇಷ್ಟ್ರು, ಅವನ ಭುಜ ಹಿಡಿದೆತ್ತುತ್ತ. "ಮಗುವಿಗೆ ಹೆಸರು ಹುಡುಕಿದ್ದೀಯಾ?"

"ಇನ್ನೂ ಇಲ್ಲ ಸಾರ್. ನೀವೇ ಒಂದು ಹೇಳಿ."

ಆ ದಿನ ಶೃಂಗೇರಿ ಮುಟ್ಟುವಷ್ಟರಲ್ಲಿ ಬಸ್ಸಿನವರು ಮಗುವಿಗೆ ಹತ್ತಾರು ಹೆಸರು ಸೂಚಿಸಿದ್ದರು.