ಬೇಲಿಯಜ್ಜಿಯ ಗುಮ್ಮ

ಅವಳನ್ನು ಎಲ್ಲರೂ ಬೇಲಿಯಜ್ಜಿ ಎಂದೇ ಕರೆಯುತ್ತಿದ್ದರು. ಅವಳು ಬೇಲಿ ಹಾಕುತ್ತಿದ್ದದ್ದು ಹೊಲಕ್ಕಲ್ಲ, ಒಲೆಗೆ. ಯಾರ ಮನೆಯಲ್ಲಾದರೂ ಕೂಸು ಅಂಬೆಗಾಲು ಬಿಟ್ಟು ಓಡಾಡಲು ಶುರುಮಾಡಿತೆಂದರೆ ಇವಳಿಗೆ ಫೋನು ಬರುತ್ತಿತ್ತು. ಬಂದವಳೇ ಮೊದಲು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಸುತ್ತ ನೋಡುತ್ತಿದ್ದಳು. ಮಗುವಿನ ಎತ್ತರಕ್ಕೆ ಇಳಿಯದೆ ಮಗುವಿನ ಅಪಾಯ ಕಾಣುವುದಿಲ್ಲವೆಂಬುದು ಅವಳ ವಾದ, ಸುಳ್ಳೂ ಅಲ್ಲ ಬಿಡಿ. ಆಮೇಲೆ ಸ್ಟೌವಿನ ಮುಂದೊಂದು ತಡೆ, ತಿರುಗಿಸುವ ಗುಂಡಿಗಳಿಗೆ ಟೋಪಿ, ಕೆಳಗಿನ ಓವನ್ನಿನ ಬಾಗಿಲಿಗೆ ಚಿಲಕ. ಆ ಚಿಲಕವನ್ನು ಎರಡೂ ಕಡೆಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅವಳ ಬಾಯಿ ಜೋರು, ಕೆಲಸ ಅಚ್ಚುಕಟ್ಟು.

ಆದರೂ ಚಿಲಕವನ್ನು ಅವಳು ಪೂರ್ತಿ ನಂಬುತ್ತಿರಲಿಲ್ಲ. ಮಕ್ಕಳೇನು ಸಾಮಾನ್ಯವೇ? ನಾವು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರುತ್ತವೆ. ಅದಕ್ಕೇ ಕೊನೆಗೊಂದು ಪುಕ್ಕಟೆ ಸೇವೆ ಇಟ್ಟುಕೊಂಡಿದ್ದಳು. ಮಗುವನ್ನು ಅಡುಗೆಮನೆಯ ಹೊರಗೆ ನಿಲ್ಲಿಸಿ, ಆರಿದ ಓವನ್ನಿನೊಳಗೆ ತಲೆ ಹಾಕಿ, ಗಂಟಲು ದಪ್ಪ ಮಾಡಿಕೊಂಡು ಮಾತಾಡುತ್ತಿದ್ದಳು.

"ನಾನು ಗುಮ್ಮ. ಬಾಗಿಲು ಮುಟ್ಟಿದ್ರೆ ಹಿಡ್ಕೊಂಡ್ಬಿಡ್ತೀನಿ."

ತಗಡಿನ ಗೂಡಿನಿಂದ ಆ ದನಿ ಗುಂಯ್ ಎಂದು ಹೊರಡುತ್ತಿತ್ತು. ಮಗು ಓಡಿಹೋಗಿ ಅಮ್ಮನ ಸೆರಗು ಹಿಡಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು.

ಈ ಗುಮ್ಮನ ವಿಷಯಕ್ಕೆ ಮೊದಲು ಫೋನು ಮಾಡಿದವಳು ಅವಳಿ ಮಕ್ಕಳ ತಾಯಿ. ನಮ್ಮ ಓವನ್ನಿನಲ್ಲಿ ಬೇಲಿಯಜ್ಜಿ ಇದ್ದಾಳೆ ಅಂತಾವಲ್ಲ ನಮ್ಮ ಹುಡುಗರು, ಬಾಡಿಗೆ ಯಾವಾಗ ಕೊಡ್ತೀರಿ ಎಂದು ತಮಾಷೆ ಮಾಡಿದಳು. ಅಜ್ಜಿಯೂ ನಕ್ಕಳು. ಆಮೇಲೊಂದು ಮಧ್ಯಾಹ್ನ ಬಸ್ ಡ್ರೈವರೊಬ್ಬ ಫೋನು ಮಾಡಿದ. ಅವನು ನಗಲಿಲ್ಲ. ಅವನ ಮಗಳು ತನ್ನ ಬಿಸ್ಕತ್ತನ್ನು ಓವನ್ನಿನ ಮುಂದಿಟ್ಟು, ಒಳಗೆ ಅಜ್ಜಿ ಒಬ್ಬಳೇ ಇದ್ದಾಳೆ, ಬಾಗಿಲು ತೆಗೀರಿ ಎಂದು ಅಳುತ್ತಿದ್ದಳಂತೆ.

ಇನ್ನೊಂದು ಮನೆಯಲ್ಲಿ ಅರ್ಧ ಕೂರಿಸಿದ ತಡೆಯ ಮುಂದೆ ನಿಂತು ಇದನ್ನು ಕೇಳಿದ ಅಜ್ಜಿಗೆ ತನ್ನ ತಪ್ಪು ಹೊಳೆಯಿತು. ಗಂಟಲು ಎಷ್ಟು ದಪ್ಪ ಮಾಡಿಕೊಂಡರೇನು, ಮಕ್ಕಳು ದನಿಯ ಗುರುತು ಹಿಡಿದಿವೆ. ಅಜ್ಜಿಯ ದನಿಗೆ ಯಾವ ಮಗು ಹೆದರುತ್ತದೆ? ಹತ್ತಿರ ಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಷ್ಟರಲ್ಲಿ ಮೊಮ್ಮಗಳ ನೆನಪಾಯಿತು. ಚೋಟುದ್ದ ಇದ್ದುದಕ್ಕೆ ಚೋಟಿ ಎನಿಸಿಕೊಂಡ ಆ ಮಗುವಿಗೇ ಅವಳು ಎಲ್ಲರಿಗಿಂತ ಮೊದಲು ಗುಮ್ಮನ ಆಟ ಆಡಿ ತೋರಿಸಿದ್ದು. ಕೆಲಸವನ್ನು ಅಲ್ಲಿಗೇ ಬಿಟ್ಟು, ಚೀಲ ಎತ್ತಿಕೊಂಡು ಮನೆಗೆ ಓಡಿದಳು.

ಹೊರಗಿನ ಕೋಣೆಯಲ್ಲಿ ಮಗಳು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಬಾಗಿಲಲ್ಲಿ ತಾಯಿಯನ್ನು ಕಂಡು ಪೆಡಲು ತುಳಿಯುತ್ತಿದ್ದ ಅವಳ ಕಾಲು ನಿಂತಿತು.

"ನೀನು ಆಗಲೇ ಬಂದಿದ್ಯಲ್ಲಮ್ಮ? ಅಡುಗೆಮನೇಲಿ ಚೋಟಿ ಜೊತೆ ಮಾತಾಡ್ತಿದ್ದದ್ದು ಕೇಳಿಸ್ತು. ನೀನಿದ್ದೀಯ ಅಂತ ನಾನು ಸುಮ್ನಿದ್ದೆ."

ಅಜ್ಜಿ ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಓವನ್ ಕಾದಿತ್ತು, ಮಗಳು ಬ್ರೆಡ್ ಬೇಯಲು ಇಟ್ಟಿದ್ದಳು. ಅದರ ಮುಂದೆ ಮಂಡಿಯೂರಿ ಕೂತಿದ್ದ ಚೋಟಿಯ ಎರಡೂ ಕೈ ಚಿಲಕದ ಎರಡೂ ಕಡೆ ಇದ್ದವು. ಅಜ್ಜಿ ಹಾರಿ ಮಗುವನ್ನು ಬಾಚಿಕೊಂಡಳು. ಪುಣ್ಯಕ್ಕೆ ಎಲ್ಲೂ ಸುಟ್ಟಿರಲಿಲ್ಲ. ಇದನ್ನು ತೆಗೆಯಲು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದಳು.

"ಒಳಗಿನಜ್ಜಿ," ಎಂದಿತು ಮಗು. ಆಮೇಲೆ ಅಜ್ಜಿಯ ಮುಖ ನೋಡಿತು. "ನೀನು ಇಲ್ಲಿದ್ದೀಯಲ್ಲ. ಮತ್ತೆ ಅವಳು ಯಾರು?"

ಅಷ್ಟು ಮನೆಗಳ ಒಲೆಗೆ ಬೇಲಿ ಹಾಕಿದವಳಿಗೆ ತನ್ನ ಮನೆಯ ಒಲೆಯ ಹತ್ತಿರ ಹೋಗಲು ಭಯವಾಯಿತು. ಆದರೂ ಸ್ವಿಚ್ಚು ಆರಿಸಿ, ವೈರು ಕಿತ್ತಳು. ಓವನ್ ತಣ್ಣಗಾಗುವವರೆಗೂ ಮಗುವನ್ನು ಕಂಕುಳಿಂದ ಇಳಿಸಲಿಲ್ಲ. ಆಮೇಲೆ ಅದನ್ನು ಮಗಳ ಕೈಗೆ ಕೊಟ್ಟು, ಕೀಲು ಬಿಡಿಸಿ ಓವನ್ನಿನ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದಳು. ಒಳಗಿದ್ದದ್ದು ಅರೆಬೆಂದ ಬ್ರೆಡ್ಡು, ಕರಿ ಹಿಡಿದ ತಗಡು, ಅಷ್ಟೇ. ನೋಡು ಚಿನ್ನಾ, ಯಾರೂ ಇಲ್ಲ ಎಂದಳು. ಹಾಗೆ ಹೇಳಿದ್ದು ಅರ್ಧ ತನಗೇ.

ಚೋಟಿ ಅಮ್ಮನ ಕಂಕುಳಿಂದಲೇ ಬಗ್ಗಿ ಇಣುಕಿ ನೋಡಿತು. ಅಜ್ಜಿ ಬೆಳಿಗ್ಗೆ ಚೀಲ ಹಿಡಿದು ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತನ್ನೇ ಹೇಳಿತು.

"ಅಜ್ಜಿ ಕೆಲಸಕ್ಕೆ ಹೋದ್ಲು."

ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಬಸ್ ಡ್ರೈವರನ ನಂಬರು. ಅಜ್ಜಿ ಅದನ್ನು ಕಿವಿಗೆ ಹಿಡಿದಳು. ಮಾತು ಶುರುಮಾಡಲೂ ಅವನಿಗೆ ಬಿಡಲಿಲ್ಲ.

"ನಾನು ನಿಮ್ಮನೇಲಿಲ್ಲ. ಮೊದಲು ಓಡಿಹೋಗಿ ಮಗೂನ ಎತ್ಕೊಳ್ಳಿ."