ಖಿಡಕಿ ನಮ್ಮದಲ್ಲವಂತೆ

ನೀವು ನಂಬಲಿಕ್ಕಿಲ್ಲ, ಪುಣೆಯ ಕಾಲೇಜಿನಲ್ಲಿ ನನ್ನ ಹೆಸರು ಕೇಳುವ ಮೊದಲೇ ತಲೆ ಅಳೆದರು. ನಮ್ಮ ವಿಜಾಪುರದಲ್ಲಿ ಕುಬಸ ಹೊಲಿಯುವ ಸಿಂಪಿಗನೂ ಅಳತೆಗೆ ಹಳೆಯ ಕುಬಸ ಕಳಿಸಿರಿ ಅನ್ನುತ್ತಾನೆ. ಇಲ್ಲಿ ಓದುವ ಹುಡುಗಿಯೊಬ್ಬಳು ಇಕ್ಕಳದಂಥದೊಂದನ್ನು ನನ್ನ ಕಿವಿಗಳ ಮೇಲೆ ಒತ್ತಿ ಅಂಕಿ ಕೂಗಿದಳು. ನಾಚಿಕೆಯಿಂದ ಹಿಡಿಯಷ್ಟಾದೆ.

ನನ್ನವರು ಅದೇ ಕಾಲೇಜಿನಲ್ಲಿ ಕಾರಕೂನರು. ಅಲ್ಲಿ ತಲೆ ಅಳೆಯುವವರು, ಗಿಡ ಬಲ್ಲವರು, ಭಾಷೆ ಬಲ್ಲವರು ಒಂದೇ ಮೇಜಿಗೆ ಕೂತು ಗಡಿಸೀಮೆಯ ಜನರ ಬಗ್ಗೆ ಸಂಶೋಧನೆ ನಡೆಸಿದ್ದರು. ಅದರಿಂದ ಹೊರಡುವ ಪುಸ್ತಕಕ್ಕೆ ವಿಜಾಪುರದ ಮನೆಮಾತು ಬೇಕಾಗಿತ್ತು. ನಾವಿರುವ ವಾಡೆಯಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಹತ್ತು ಬಿಡಾರಗಳಿರುವ ಮನೆಯಲ್ಲಿ, ಆರು ವರ್ಷದಿಂದ ನನ್ನ ಕನ್ನಡ ಯಾರಿಗೂ ಬೇಕಿರಲಿಲ್ಲ. ಬೇಳೆಯ ಆಮಟಿಗೆ ಬೆಲ್ಲ ಹಾಕುವುದನ್ನೂ ಕಲಿತಿದ್ದೆ. ತೀರಿಕೊಂಡ ಅವ್ವನ ಮಾತು ಪುಸ್ತಕದಲ್ಲಾದರೂ ಉಳಿಯಲಿ ಎಂದು ಹಿಗ್ಗಿನಿಂದ ಹೋದೆ.

ಭಾಷೆಯ ಪ್ರೊಫೆಸರರು ಮರಾಠಿಯಲ್ಲಿ ಕೇಳುತ್ತ ಹೋದರು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಗೋಡೆಯಲ್ಲಿ ಗಾಳಿ ಬರುವ ಕಡೆ ಬೆರಳು ಮಾಡಿದಾಗ “ಖಿಡಕಿ” ಅಂದೆ.

“ಹೇ ತರ್ ಮರಾಠೀ, ಬಾಯಿ!” ಎಂದು ನಕ್ಕು ಗೀಟು ಹೊಡೆದರು. ಇದು ಮರಾಠಿ, ಪುಣೆಯಲ್ಲಿ ನನಗೆ ಅಂಟಿದ್ದು ಎಂದು ಅವರ ತೀರ್ಮಾನ. ನಮ್ಮವ್ವನೂ ಹೀಗೇ ಅನ್ನುತ್ತಿದ್ದಳು ಎಂದೆ. ಚೆನ್ನಾಗಿ ನೆನಪು ಮಾಡಿಕೊಳ್ಳಿ ಎಂದರು. ಬಾಗಿಲಲ್ಲಿದ್ದ ನನ್ನವರು ಬೆವರತೊಡಗಿದರು.

“ಸಾಲಿ ಪುಸ್ತಕದಾಗ ಕಿಟಕಿ ಅಂತ ಅದ ಅಲ್ಲಾ, ಅದನ್ನ ಹೇಳಿಬಿಡು. ಸಾಹೇಬರ ಜೋಡಿ ವಾದ ಬ್ಯಾಡ.”

ಹೇಳಿಬಿಟ್ಟೆ. ಎಲ್ಲರ ಮುಖ ಅರಳಿತು. ಗಿಡದವರೂ ತಲೆಯಾಡಿಸಿದರು, ಅವರಿಗೇನು ತಿಳಿಯಿತೋ!

ಮುಂದೆ ಬಳಗದವರ ಮದುವೆಗೆಂದು ಊರಿಗೆ ಹೋದಾಗ, ಗೋಡೆಯಲ್ಲಿ ಗಾಳಿ ಬರುವ ಕಡೆ ಬೆರಳು ಮಾಡಿ ಅವ್ವನ ತಂಗಿಯನ್ನು ಕೇಳಿದೆ. “ಚಿಗವ್ವಾ, ಇದಕ್ಕ ಏನಂತೀವಿ?”

“ಖಿಡಕಿ ಅನ್ನದ ಮತ್ತೇನಂತಾರ? ಪುಣೇಕ್ಕ ಹೋಗಿ ಅದನ್ನೂ ಮರತಿಯೇನವಾ?” ಎಂದು ನನ್ನ ತಲೆ ಸವರಿದಳು.

ಮರಳಿದವಳೇ ಕಾಲೇಜಿಗೆ ಹೋದೆ. ಪ್ರೊಫೆಸರರು ಒಳ್ಳೆಯವರು, ಕುರ್ಚಿ ಕೊಟ್ಟು ಕೇಳಿಸಿಕೊಂಡರು. “ಆತಾ ಛಾಪೂನ್ ಝಾಲಂ, ಬಾಯಿ.” ಅಚ್ಚಾಗಿಹೋಗಿತ್ತು. ಯುದ್ಧದ ಕಾಲ, ಕಾಗದಕ್ಕೆ ಬರ, ಹಾಳೆ ಬದಲಿಸುವಂತಿರಲಿಲ್ಲ. ತೆರೆದು ತೋರಿಸಿದರು: ‘ತಾಯಿಯಿಂದ ಕಲಿತ ಮಾತುಗಳು’, ನನ್ನ ಹೆಸರು, ಕೆಳಗೆ ‘ಕಿಟಕಿ’. ಅವ್ವ ಆ ಮಾತನ್ನು ಒಂದು ದಿನವೂ ಆಡಿದವಳಲ್ಲ.

ಆರು ವರ್ಷ ಇಲ್ಲಿದ್ದರೂ ನಿಮ್ಮ ಕನ್ನಡ ಕೆಡಲಿಲ್ಲ ಎಂದು ಅವರು ಮೆಚ್ಚಿದರು. ಊರಲ್ಲಿ ಚಿಗವ್ವ ನನಗಾಗಿ ಮರುಗುತ್ತಿದ್ದಾಳೆ. ನಾನು ಕೈಮುಗಿದು, ಮರಾಠಿಯಲ್ಲೇ ಉಪಕಾರ ಹೇಳಿ ಎದ್ದು ಬಂದೆ.