ತಾತನ ಮಂಚದೆದುರಿನ ಮೀನುಗಳು

ಪಾಚಿ ಕಟ್ಟಿದ ನೀರಿನ ವಾಸನೆಯನ್ನು ಯಾರೂ ಆಸೆಪಟ್ಟು ಮೂಸುವುದಿಲ್ಲ. ಮೊನ್ನೆ ಹಾಸನದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಯುತ್ತಿದ್ದಾಗ, ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮುಚ್ಚಳವನ್ನು ಅಲ್ಲಿನ ನರ್ಸ್ ಎತ್ತಿದಳು. ಬಲ್ಬಿನ ಕಾವಿಗೆ ಬೆಚ್ಚಗಾದ ಮುಚ್ಚಳ, ನೆನೆದ ಕಲ್ಲು, ತಳದ ಹಸಿರು, ಎಲ್ಲ ಸೇರಿದ ಒಂದು ವಾಸನೆ ಬೆಂಚಿನವರೆಗೂ ಬಂತು. ಮಗಳು ಮೂಗು ಮುಚ್ಚಿಕೊಂಡಳು. ನಾನು ನಾಚಿಕೆ ಬಿಟ್ಟು ಎದೆ ತುಂಬ ಉಸಿರೆಳೆದುಕೊಂಡೆ. "ನೋಡಿ ಮೇಡಂ, ಹೆಂಗೆ ಮೇಲೆ ಬಂದು ಬಾಯ್ ಬಿಡ್ತಾವೆ, ಪಾಪ, ಹೊಟ್ಟೆ ಹಸಿದಿರ್ಬೇಕು" ಎನ್ನುತ್ತಾ ಆಕೆ ಒಂದು ಹಿಡಿ ಕಾಳು ಸುರಿದಳು. ಅದೇ ಮಾತು, ಅದೇ ಕರುಣೆ, ಅದೇ ತಪ್ಪು. ಅವಕ್ಕೆ ಹಸಿವಲ್ಲ ತಾಯಿ, ಉಸಿರು ಕಟ್ಟಿದೆ ಎಂದು ಹೇಳಬೇಕೆನ್ನುವಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಮಗಳ ಹಲ್ಲು ಹೇಗೆ ಕಿತ್ತರು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾನು ಹೊಳೆನರಸೀಪುರದ ಪೇಟೆಬೀದಿಯಲ್ಲಿದ್ದ ನಮ್ಮ ಮನೆಯ ನಡುಮನೆಯಲ್ಲಿದ್ದೆ.

ಆ ಮನೆ ಈಗಿಲ್ಲ. ಭಾಗವಾಗಿ, ಮಾರಾಟವಾಗಿ, ನೆಲಸಮವಾಗಿ, ಅಲ್ಲೀಗ ಗಾಜು ಹೊದ್ದ ಒಂದು ಕಟ್ಟಡ ಎದ್ದಿದೆ. ನಡುಮನೆ ಇದ್ದ ಕಡೆ ಮೊಬೈಲ್ ಮಾರುತ್ತಾರೆ. ಓದುತ್ತಿರುವ ನಿಮಗೂ ಇಂಥದ್ದೊಂದು ಜಾಗ ಇದ್ದೀತು, ಬಸ್ಸಿನಲ್ಲಿ ಹೋಗುವಾಗ ಆ ಕಡೆ ನೋಡಬಾರದು ಅಂದುಕೊಂಡೇ ಕತ್ತು ತಿರುಗಿಸುವ ಜಾಗ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮುಂದಿನ ಕೋಣೆಯ ತುಂಬ ಚೀಲಗಳು, ನನ್ನ ಶಾಲೆಯ ಪುಸ್ತಕಗಳಿಗೂ ಕೊಬ್ಬರಿಯ ಜಿಡ್ಡು ವಾಸನೆ. ತಾತನ ಗಂಟಲು ಊರಿಗೇ ಗೊತ್ತಿತ್ತು. ಕೊಬ್ಬರಿ ಮಂಡಿಯಲ್ಲಿ ನಿಂತು ರೇಟು ಕೂಗಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತಂತೆ. ಮನೆಯಲ್ಲೂ ಅಷ್ಟೇ, ಒಂದು ಲೋಟ ನೀರು ಬೇಕಾದರೂ ಹರಾಜು ಕೂಗಿದಂತೆ ಕೂಗುತ್ತಿದ್ದ. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಗಂಟಲೂ ಹೋಯಿತು. ನಡುಮನೆಗೆ ಮಂಚ ತಂದು ಹಾಕಿದೆವು. ತಾತ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಯಾರು ಕರೆದರೂ ಈಚೆ ತಿರುಗಲಿಲ್ಲ. ಗಂಜಿಯ ಬಟ್ಟಲು ಹಿಡಿದು ಅಜ್ಜಿ ಗಂಟೆಗಟ್ಟಲೆ ಕೂತರೂ ಹಲ್ಲು ಬಿಚ್ಚುತ್ತಿರಲಿಲ್ಲ. ಡಾಕ್ಟರು ಅಜ್ಜಿಯನ್ನು ಬಾಗಿಲಾಚೆ ಕರೆದು, "ಔಷಧಿ ನಾವು ಕೊಡ್ತೀವಮ್ಮ, ಆದ್ರೆ ತಿನ್ನೋ ಮನಸ್ಸು ಅವರಿಗೇ ಬರ್ಬೇಕು. ಹೀಗೇ ಬಿಟ್ರೆ ಬಹಳ ದಿನ ಇರಲ್ಲ" ಎಂದು ಹೇಳಿ ಹೋದರು.

ಆಗ ನಮ್ಮ ಮಂಜು ಚಿಕ್ಕಪ್ಪ ಹಾಸನದಿಂದ ಗಾಜಿನ ತೊಟ್ಟಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಂಗಾರದ ಬಣ್ಣದ ಮೀನುಗಳು. ಲಿಂಗ ಕಟ್ಟಿಕೊಂಡವರ ಮನೆ, ಸಂತೆಯಲ್ಲಿ ಮೀನಿನ ಸಾಲು ಬಂದರೆ ಮೂಗಿಗೆ ಸೆರಗು ಹಿಡಿದು ಸುತ್ತು ಬಳಸಿ ಬರುವ ಹೆಂಗಸರು. ಅಮ್ಮನಿಗೆ ದಿಗಿಲಾಯಿತು. ಅಜ್ಜಿ ಮಾತ್ರ ಕವರನ್ನು ಬೆಳಕಿಗೆ ಹಿಡಿದು ನೋಡಿ, "ತಿನ್ನಾಕಲ್ವಲ್ಲ, ನೋಡಾಕ್ ತಾನೆ? ರಾಮನಾಥಪುರದಾಗೆ ದೇವ್ರ ಮೀನ್ಗೆ ಕೈ ಮುಗ್ದು ಪುರಿ ಆಕ್ತೀವಲ್ಲ, ಅಂಗೇಯ ಇವೂ" ಎಂದು ತೀರ್ಪು ಕೊಟ್ಟುಬಿಟ್ಟಳು. ಮಂಚದ ಪಕ್ಕ, ಗೋಡೆಗೆ ಒತ್ತಿದಂತೆ, ತಾತ ನೋಡುತ್ತಿದ್ದ ಕಡೆಯೇ ಸ್ಟೂಲು ಹಾಕಿ ತೊಟ್ಟಿ ಇಟ್ಟರು. ಚಿಕ್ಕಪ್ಪ ನಲ್ಲಿ ನೀರು ತುಂಬಿ ಮೀನು ಬಿಟ್ಟ, ಸ್ವಿಚ್ಚು ಹಾಕಿದ, ಗುಳ್ಳೆಗಳು ಎದ್ದವು. ಸ್ವಲ್ಪ ಹೊತ್ತಿಗೆ ತಾತನ ಕಣ್ಣು ಒಂದು ಮೀನಿನ ಹಿಂದೆ ಹೋಯಿತು, ಅದು ತಿರುಗಿದಾಗ ತಾನೂ ತಿರುಗಿತು. ಆ ಸಂಜೆ ಬಟ್ಟಲಿನ ಗಂಜಿಯೆಲ್ಲ ಖಾಲಿಯಾಯಿತು. ಅಜ್ಜಿ ಬಟ್ಟಲು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೆರಗಿನೊಳಗೆ ಅತ್ತಳು.

ಇನ್ನು ಸಲಹೆಗಳ ಕಥೆ. ಮನುಷ್ಯನಿಗೆ ಮಕ್ಕಳನ್ನು ಬೆಳೆಸುವ ಬಗ್ಗೆ, ಮನೆ ಕಟ್ಟುವ ಬಗ್ಗೆ ಎಷ್ಟು ಉಪದೇಶ ಸಿಗುತ್ತದೋ ಅದರ ಹತ್ತರಷ್ಟು ಮೀನು ಸಾಕುವವರಿಗೆ ಸಿಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಹಾಸನದ ಅಂಗಡಿಯವನು ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದ: ತೊಟ್ಟಿ ಎಷ್ಟಿದೆಯೋ ಮೀನು ಅಷ್ಟಕ್ಕೇ ಬೆಳೆಯುತ್ತೆ, ಆದ್ದರಿಂದ ಎಷ್ಟು ಬೇಕಾದರೂ ಬಿಡಿ. ಇವತ್ತೇ ನೀರು ತುಂಬಿ ಇವತ್ತೇ ಬಿಡಬಹುದು. ಮೇಲೆ ಬಂದು ಬಾಯಿ ತೆರೆದರೆ ಹಸಿವು ಅಂತ ತಿಳಿದು ಊಟ ಹಾಕಿ. ಆ ಊಟದ ಡಬ್ಬಿ ತೆರೆದರೆ ಒಣಸೀಗಡಿಯ ನಾತ. ಅಜ್ಜಿ ಅದನ್ನು ಹಿತ್ತಲಿನಾಚೆ ಎಸೆದು, ಕಡ್ಲೆಪುರಿ ಹಾಕಲು ಶುರುಮಾಡಿದಳು. ರಾಮನಾಥಪುರದ ಹೊಳೆಯಲ್ಲಿ ಮೊಣಕೈಯುದ್ದದ ಮೀನುಗಳು ಭಕ್ತರ ಪುರಿ ತಿಂದೇ ಹಾಗೆ ಕೊಬ್ಬಿಲ್ಲವೇ ಎಂಬುದು ಅವಳ ವಾದ. ಪುರಿ ಉಬ್ಬಿ, ಕರಗಿ, ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಗುತ್ತಿತ್ತು. ಪಕ್ಕದ ಮನೆಯ ರಂಗೇಗೌಡರು ಗೊರೂರು ಅಣೆಕಟ್ಟಿನಲ್ಲಿ ಕೆಲಸ ಮಾಡಿ ರಿಟೈರಾದವರು, ಹೊಳೆ ಮೀನು ತಿಂದು ಬೆಳೆದವರು. ಅವರ ಮಾತಿಗೆ ತೂಕ ಜಾಸ್ತಿ. "ಗೌರಕ್ಕ, ಮೀನ್ ವಿಚಾರ ನಮ್ಗೇಳಿಕೊಡ್ಬೇಕಾ? ಅವಕ್ಕೆ ಅರಿಯೋ ನೀರು ಬೇಕು. ದಿನಾ ಒಸಾ ನೀರ ಮೇಲಿಂದ ದಬದಬ ಅಂತ ಸುರೀರಿ, ಹೊಳೇಲಿದ್ದಂಗೇ ಆಡ್ಕಂಡಿರ್ತವೆ" ಎಂದು ಅಜ್ಜಿಗೆ ಹೇಳಿದರು. ಮೆಡಿಕಲ್ ಸ್ಟೋರಿನವರು ಮೀನು ಮಂಕಾಗಿದ್ದರೆ ಹಳದಿ ಕ್ಯಾಪ್ಸೂಲ್ ಒಡೆದು ಹಾಕಿ ಎಂದರು. ಮಂಡಿಯಿಂದ ತಾತನನ್ನು ನೋಡಲು ಬಂದ ಪ್ರತಿಯೊಬ್ಬರೂ ಹಣ್ಣಿನ ಜೊತೆಗೆ ಒಂದೊಂದು ಸಲಹೆ ಕೊಟ್ಟು ಹೋದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಗೋಡೆ ನೋಡಿ ಮಲಗಿದ್ದ ಸ್ನೇಹಿತನಿಗೆ ತಮ್ಮ ಹತ್ತಿರ ಏನಿತ್ತೋ ಅದನ್ನು ತಂದುಕೊಟ್ಟವರು.

ಅವರೆಲ್ಲರನ್ನೂ ಮೀರಿಸಿದವಳು ಅಜ್ಜಿ. ನಮ್ಮ ಮನೆಯಲ್ಲಿ ನಿನ್ನೆಯ ನೀರು ಎಂಬುದು ಇವತ್ತಿಗೆ ಉಳಿಯುವ ಹಾಗಿರಲಿಲ್ಲ. ಬೆಳಗಾಗೆದ್ದು ಬಿಂದಿಗೆ, ಕೊಳಗ, ಚೊಂಬು ಎಲ್ಲವನ್ನೂ ಬಗ್ಗಿಸಿ ಕರಿಬೇವಿನ ಗಿಡಕ್ಕೆ ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ಫಳಫಳ ಉಜ್ಜಿ, ಹೊಸ ನೀರು ತುಂಬಿದ ಮೇಲೇ ಅವಳ ಬಾಯಿಗೆ ಕಾಫಿ. ಅವಳು ಉಜ್ಜಿದ ತಾಮ್ರದ ಹಂಡೆಯಲ್ಲಿ ನಾವು ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದೆವು. ಅಂಥವಳು ಮೀನಿನ ತೊಟ್ಟಿಯನ್ನು ಬಿಡುತ್ತಾಳೆಯೇ? ದಿನವೂ ಮೀನುಗಳನ್ನು ಕೊಳಗಕ್ಕೆ ಹಾಕಿ, ನೀರು ಪೂರಾ ಚೆಲ್ಲಿ, ಕಲ್ಲುಗಳನ್ನು ಒಂದೊಂದಾಗಿ ಉಜ್ಜಿ, ನಲ್ಲಿಯ ಬ್ಲೀಚಿಂಗ್ ವಾಸನೆಯ ಹೊಸ ನೀರನ್ನು ರಂಗೇಗೌಡರು ಹೇಳಿದಂತೆ ಮೇಲಿಂದ ದಬದಬ ಸುರಿಯುತ್ತಿದ್ದಳು. ಅಂಗಡಿಯವನು ಸೋಪು ಹಾಕಿ ತೊಳೆಯಿರಿ ಎಂದಿದ್ದ. ಸೋಪು ಮೈಲಿಗೆ ಎಂದು ಅಜ್ಜಿ ಅಂಟುವಾಳದ ಕಾಯಿ ನೆನೆಸಿ, ಅದರ ನೊರೆಯಿಂದ ಗಾಜು ತಿಕ್ಕಿದಳು. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಶುಭ್ರವಾಗುತ್ತಿತ್ತು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು.

ಮೀನು ಸತ್ತ ದಿನ ತಾತ ಕಣ್ಣು ಮುಚ್ಚಿಬಿಡುತ್ತಿದ್ದ. ಗಂಜಿ ಹಾಗೇ ವಾಪಸು. ಚಿಕ್ಕಪ್ಪ ಹಾಸನಕ್ಕೆ ಹೋಗಿ ಹೊಸ ಮೀನು ತರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಬಂದವು ಕೆಲವು ದಿನ ಇದ್ದು ಅವೂ ಹೋಗುತ್ತಿದ್ದವು. ಪ್ರತಿ ಸಲವೂ ತಾತನ ಕಣ್ಣು ತೆರೆಯುವುದು ನಿಧಾನವಾಗುತ್ತಾ ಬಂತು. ಅಜ್ಜಿಯ ಹಟವೋ ಹಟ. ಕೊಳೆ ಉಳಿದದ್ದಕ್ಕೇ ಸತ್ತವು ಎಂದು ಇನ್ನಷ್ಟು ತಿಕ್ಕುವಳು, ಹಸಿದು ಸತ್ತವು ಎಂದು ಇನ್ನಷ್ಟು ಪುರಿ ಹಾಕುವಳು. ಒಂದು ದಿನ ಹಿತ್ತಲಲ್ಲಿ ತೊಟ್ಟಿ ತೊಳೆಯುತ್ತಾ ನನ್ನ ಕಡೆ ತಿರುಗಿ, "ಐದ್ ಮಕ್ಳ ಸಾಕ್ದೆ ಕಣೆ, ಒಂದ್ ಬೆಳ್ಳುದ್ದದ್ ಮೀನ ಉಳಿಸ್ಕಳಕಾಗ್ತಿಲ್ವಲ್ಲೆ ನಂಗೆ" ಎಂದಳು. ಅಜ್ಜಿ ಸೋತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ತಾತ ಸಾಯುತ್ತಾನೆ ಎಂಬ ಭಯ ಹುಟ್ಟಿದ್ದು ಆವತ್ತು.

ಆ ಮಳೆಗಾಲದಲ್ಲಿ ಚಿಕೂನ್‌ಗುನ್ಯ ಬಂತು. ಬೀದಿಗೆ ಬೀದಿಯೇ ಮಲಗಿತು. ನಮ್ಮ ಮನೆಯಲ್ಲಿ ಮೊದಲು ಮಲಗಿದವಳು ಅಜ್ಜಿ. ಬೆರಳು ಮಡಿಸಲಾರಳು, ಚೊಂಬು ಎತ್ತಲಾರಳು. ತಾತನ ಮಂಚದ ಕೆಳಗೆ ಚಾಪೆ ಹಾಕಿಸಿಕೊಂಡು ನರಳುತ್ತಾ ಬಿದ್ದುಕೊಂಡಳು. ಅಮ್ಮನೂ ಗೋಡೆ ಹಿಡಿದು ನಡೆಯುತ್ತಿದ್ದಳು. ತೊಟ್ಟಿಯಲ್ಲಿ ಆಗ ಎರಡೇ ಮೀನು ಉಳಿದಿದ್ದವು. ತೊಳೆಯುವವರಿಲ್ಲ, ಪುರಿ ಹಾಕುವವರಿಲ್ಲ. ಸಲಹೆ ಕೊಡುವವರೂ ಅವರವರ ಮನೆಯಲ್ಲಿ ಕೀಲು ಹಿಡಿದುಕೊಂಡು ಮಲಗಿದ್ದರು. ನೀರು ತೀರಾ ಇಳಿದಾಗ ಅಮ್ಮ ಬಿಂದಿಗೆಯಲ್ಲಿ ಉಳಿದಿದ್ದ ನಿನ್ನೆಯ ನೀರನ್ನೇ ಮೆಲ್ಲಗೆ ಬಗ್ಗಿಸುತ್ತಿದ್ದಳು, ಹೊಸದು ಹೊರುವ ಶಕ್ತಿ ಅವಳಿಗೂ ಇರಲಿಲ್ಲ. ಕಲ್ಲಿಗೆ ಹಸಿರು ಹಿಡಿಯಿತು. ಗಾಜು ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನಿಲ್ಲಿಸಿ, ಆ ಹಸಿರನ್ನು ಕೆರೆಯುತ್ತಾ ಮಿರಮಿರ ಮಿಂಚುತ್ತಾ ಓಡಾಡತೊಡಗಿದವು. ತಾತ ಮೇಲಿನಿಂದ ನೋಡುತ್ತಿದ್ದ, ಅಜ್ಜಿ ಕೆಳಗಿನಿಂದ. ಮದುವೆಯಾದಂದಿನಿಂದ ಅವರಿಬ್ಬರೂ ಹಾಗೆ ಕೆಲಸವಿಲ್ಲದೆ ಒಂದೇ ಕಡೆ ನೋಡುತ್ತಾ ಇದ್ದುದು ಅದೇ ಮೊದಲಿರಬೇಕು. ಜ್ವರ ಇಳಿದ ಒಂದು ಮಧ್ಯಾಹ್ನ ಅಜ್ಜಿ ಚಾಪೆಯ ಮೇಲಿಂದಲೇ ನನ್ನನ್ನು ಕೂಗಿ ಹೇಳಿದಳು, "ಲೇ, ನಾನ್ ಮಲಿಕ್ಕಂಡಿದ್ದಕ್ಕೇ ಅವು ಬದುಕ್ಕಂಡ್ವು ಕಣೆ." ತಾತನ ಗಂಟಲಿನಿಂದ ಒಂದು ಗೊರಗೊರ ಸದ್ದು ಬಂತು. ನಾವು ಹೆದರಿ ಓಡಿಬಂದೆವು. ತಾತ ನಗುತ್ತಿದ್ದ.

ನನಗೆ ಅಜ್ಜಿಯ ಮೇಲಿರುವ ಗೌರವ ಅದರ ನಂತರದ ದಿನಗಳದು. ಕಾಯಿಲೆ ಬಿದ್ದಾಗ ಸುಮ್ಮನಿರುವುದು ಯಾರಿಗಾದರೂ ಬರುತ್ತದೆ. ಕೈಗೆ ಶಕ್ತಿ ಬಂದ ಮೇಲೂ ಅವಳು ಸುಮ್ಮನಿದ್ದಳು. ಬೆಳಗಾದರೆ ಹಂಡೆ, ಬಿಂದಿಗೆಗಳಿಗೆ ಮೊದಲಿನ ಹಾಗೇ ಉಜ್ಜುವ ಸೇವೆ ನಡೆಯುತ್ತಿತ್ತು, ತೊಟ್ಟಿಯ ಮುಂದೆ ಬಂದಾಗ ಮಾತ್ರ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದಳು. ಆ ಕೈ ಎಷ್ಟು ತುರಿಸುತ್ತಿತ್ತೆಂದು ನೋಡಿದವರಿಗೇ ಗೊತ್ತು. ಸೋಮವಾರಕ್ಕೊಮ್ಮೆ ಒಂದಿಷ್ಟು ನೀರು ತೆಗೆದು, ಅಷ್ಟೇ ನೀರು ಹಾಕುವುದು. ಅದಕ್ಕಾಗಿ ಹಿಂದಿನ ದಿನವೇ ಒಂದು ಬಕೆಟ್ಟು ತುಂಬಿಸಿ ಅಡುಗೆಮನೆಯ ಬಾಗಿಲಲ್ಲಿಟ್ಟು ಕಾಯುತ್ತಿದ್ದಳು. "ಯಾರಾರ ಚೆಲ್ಬುಟ್ಟೀರಿ, ನಿನ್ನೆ ನೀರು ಕಣ್ರೇ ಅದು" ಎಂದು ಅವಳು ಕೂಗಿದಾಗ ಅಮ್ಮನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ತನ್ನ ಜೀವಮಾನದ ಹೆಮ್ಮೆಯನ್ನು ಎಪ್ಪತ್ತು ದಾಟಿದ ಮೇಲೆ, ಬೆರಳುದ್ದದ ಎರಡು ಮೀನಿಗಾಗಿ, ಅಲ್ಲ, ಮಂಚದ ಮೇಲಿದ್ದವನ ಒಂದು ಬಟ್ಟಲು ಗಂಜಿಗಾಗಿ ಬಿಟ್ಟುಕೊಟ್ಟವಳು ನನ್ನಜ್ಜಿ. ಸಲಹೆ ಕೊಟ್ಟವರ ಮನಸ್ಸನ್ನೂ ಅವಳು ನೋಯಿಸಲಿಲ್ಲ. ಯಾರು ಏನು ಹೇಳಿದರೂ "ಆಯ್ತು ಕಣಪ್ಪ, ಅಂಗೇ ಮಾಡ್ತೀನಿ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಒಮ್ಮೆ ಮಾತಿನ ನಡುವೆ ಅಂಟುವಾಳದ ವಿಷಯ ಬಂದಾಗ ರಂಗೇಗೌಡರು ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಅಕ್ಕ, ನಾವ್ ಉಡುಗ್ರಾಗಿದ್ದಾಗ ಅದನ್ನೇ ಜಜ್ಜಿ ಹೊಳೆ ಮಡೂಗ್ ಆಕಿ, ಮತ್ತಾಗಿ ತೇಲೋ ಮೀನ ಇಡೀತಿದ್ವಲ್ಲ!" ಎಂದರು. ಮುಂಚೇನೇ ಹೇಳಬಾರದಿತ್ತಾ ಎಂದು ಅಜ್ಜಿ ಕೇಳಿದರೆ, "ನೀವ್ ಕೇಳ್ಲೇ ಇಲ್ವಲ್ಲ" ಎಂದರು. ಅಜ್ಜಿ ನಕ್ಕು ಇನ್ನೊಂದು ಲೋಟ ಕಾಫಿ ಕೊಟ್ಟಳು.

ತಾತ ಇನ್ನೂ ಕೆಲವು ವರ್ಷ ಬದುಕಿದ. ಮಾತು ಬರಲಿಲ್ಲ. ಗಂಜಿಯ ಹೊತ್ತಿಗೆ ಎಡಗೈ ಬೆರಳಿನಿಂದ ಗಾಜನ್ನು ತಟ್ಟುತ್ತಿದ್ದ, ಮೀನುಗಳು ಬೆರಳಿನ ಹತ್ತಿರ ಬಂದು ನಿಲ್ಲುತ್ತಿದ್ದವು, ಆಮೇಲೆ ಬಾಯಿ ತೆರೆಯುತ್ತಿದ್ದ. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಬೆಳಗ್ಗೆ ಬೆರಳು ಏಳಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಸಿಕೊಳ್ಳುವಂತಿಲ್ಲ. ತಾತನನ್ನು ಕೂರಿಸಿಕೊಂಡು ಗಂಡಸರು ಮಣ್ಣು ಮಾಡಲು ಹೊರಟ ಮೇಲೆ, ಅರಕಲಗೂಡಿನಿಂದ ಬಂದಿದ್ದ ತಾತನ ಅಕ್ಕ ಸೆರಗು ಸಿಕ್ಕಿಸಿ ನಿಂತರು. ಮಂಚವನ್ನು ಹಿತ್ತಲಿಗೆ ಸಾಗಿಸಿದರು. ಹಂಡೆ, ಕೊಳಗ, ಬಿಂದಿಗೆ ಎಲ್ಲವನ್ನೂ ಬರಿದು ಮಾಡಿ ಬೋರಲು ಹಾಕಿದರು. ನಡುಮನೆ ತೊಳೆದರು. ಕೊನೆಗೆ ತೊಟ್ಟಿಯ ಕಡೆ ಕೈ ತೋರಿಸಿ, "ಅದೂ ತುಂಬಿದ್ ನೀರೇ ತಾನೆ? ಚೆಲ್ಲಿ. ಮೀನ ಹೊಳೀಗ್ ಬುಟ್ಬುಡಿ" ಎಂದರು. ಅಮ್ಮ ಬಕೆಟ್ಟು ತಂದಳು. ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ ಅಜ್ಜಿ ಗೋಡೆ ಹಿಡಿದು ಎದ್ದಳು.

"ಅದನ್ನ ಮುಟ್ಬ್ಯಾಡಿ."

"ಸಾವಿನ್ ಮನೆ ನೀರು ಕಣೆ ಗೌರಿ. ಇಟ್ಕಬಾರ್ದು."

"ಗೊತ್ತು ಅತ್ತಿಗಮ್ಮ. ಜೀವಮಾನೆಲ್ಲ ನಾನೇ ಚೆಲ್ಲಿವ್ನಿ. ಇದು ಅವ್ರು ನೋಡ್ತಿದ್ ನೀರು. ಇರ್ಲಿ."

ಅಮ್ಮ ಬಕೆಟ್ಟನ್ನು ಹಿತ್ತಲಿಗೆ ವಾಪಸು ಒಯ್ದಳು. ಅಷ್ಟು ದೊಡ್ಡ ಮನೆಯಲ್ಲಿ ಆ ಹೊತ್ತು ಒಂದು ಲೋಟ ನೀರು ಇರಲಿಲ್ಲ, ಆ ತೊಟ್ಟಿಯಲ್ಲಿದ್ದುದನ್ನು ಬಿಟ್ಟರೆ. ಗಂಜಿಯ ವೇಳೆಯಾಗಿತ್ತು. ಮೀನುಗಳೆರಡೂ ಮಂಚವಿದ್ದ ಕಡೆಯ ಗಾಜಿಗೆ ಬಂದು ಮೂತಿ ಒತ್ತಿ ನಿಂತಿದ್ದವು. ಅಜ್ಜಿ ನಿಧಾನವಾಗಿ ಹೋಗಿ, ಮಂಚ ಎತ್ತಿದ ಜಾಗದಲ್ಲಿ, ಒದ್ದೆ ನೆಲದ ಮೇಲೇ ಕೂತಳು. ಮುಖವನ್ನು ಗಾಜಿನ ಹತ್ತಿರ ತಂದು, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ, "ಒಂಟೋದ್ರು ಕಣ್ರಪ್ಪ" ಎಂದಳು.